ಮಳೆಗಾಲ ತಾಳುವ ಬೀಗ: ನಮ್ಮ ಟಾಟಾ ಏಸ್‌ನ ಸಾಮಾನು ಪೆಟ್ಟಿಗೆಗಳ ಕೆಲಸ

ಗಾಡಿ ಟಾಟಾ ಏಸ್. ಮುಂಬಯಿಯಲ್ಲಿ ಎಲ್ಲರೂ ಛೋಟಾ ಹಾಥಿ ಅನ್ನುವುದು ಇದನ್ನೇ. ನಮ್ಮದು ಎಸಿ ಮತ್ತು ಫ್ರಿಜ್ ರಿಪೇರಿ ಕೆಲಸ. ಹೆಚ್ಚಿನ ಗಿರಾಕಿಗಳು ಮಾಟುಂಗಾ, ಚೆಂಬೂರು, ಅಂಧೇರಿ ಕಡೆಯ ನಮ್ಮೂರಿನವರ ಹೋಟೆಲುಗಳು. ಹೋಟೆಲಿನ ಡೀಪ್ ಫ್ರೀಜರ್ ಕೆಟ್ಟರೆ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ, ಹಾಗಾಗಿ ದಿನಾ ಸಂಜೆ ಸಾಮಾನು ಇಳಿಸಿ ಮೂರನೇ ಮಹಡಿಗೆ ಹೊತ್ತು ಬೆಳಿಗ್ಗೆ ಮತ್ತೆ ತುಂಬುವುದು ಆಗದ ಮಾತು. ಗಾಡಿ ಘಾಟ್‌ಕೋಪರ್‌ನಲ್ಲಿ ರಸ್ತೆ ಬದಿಗೇ ನಿಲ್ಲುತ್ತದೆ. ಒಳಗೆ ವ್ಯಾಕ್ಯೂಮ್ ಪಂಪ್, ಗೇಜ್ ಸೆಟ್, ಫ್ಲೇರಿಂಗ್ ಕಿಟ್, ಡ್ರಿಲ್, ಬ್ರೇಜಿಂಗ್ ಸೆಟ್, ತಾಮ್ರದ ಪೈಪಿನ ಸುರುಳಿ. ನಮ್ಮ ಗಾಡಿಯ ವಿಮೆ ಗಾಡಿಗೆ ಮಾತ್ರ, ಒಳಗಿನ ಹತ್ಯಾರಕ್ಕೆ ಇಲ್ಲ. ಹೋದರೆ ಹೋದ ಹಾಗೆಯೇ.

ಗಾಡಿ ಸೆಕೆಂಡ್ ಹ್ಯಾಂಡ್ ಬಂದಾಗಲೇ ಮೂರು ಪೆಟ್ಟಿಗೆ ಇದ್ದವು. ಕ್ಯಾಬಿನ್ ಹಿಂದೆ ಅಡ್ಡಕ್ಕೆ ಕೂರಿಸಿದ ದೊಡ್ಡ ಪೆಟ್ಟಿಗೆ ಒಂದು. ಎಡಬದಿಗೆ ಕೈ ಹತ್ಯಾರದ ಸಣ್ಣ ಪೆಟ್ಟಿಗೆ ಇನ್ನೊಂದು. ಹಿಂದೆ ಗ್ಯಾಸ್ ಸಿಲಿಂಡರ್ ನಿಲ್ಲಿಸುವ ಜಾಲಿ ಗೂಡು ಮೂರನೆಯದು. ದೊಡ್ಡದಕ್ಕೆ ನಡುವೆ ಒಂದೇ ಚಿಲಕ, ಅದಕ್ಕೆ ಒಳ್ಳೆ ಹಿತ್ತಾಳೆ ಬೀಗ. ಸಣ್ಣದಕ್ಕೆ ಒಂದು ಅಗ್ಗದ ಕ್ಯಾಮ್ ಲಾಕ್, ಅಂದರೆ ಕೀ ತಿರುಗಿಸಿದಾಗ ಒಳಗಿನ ಪಟ್ಟಿ ಸುತ್ತಿ ಬಾಗಿಲು ಹಿಡಿಯುವ ಬೀಗ. ಗೂಡಿಗೆ ತಂತಿ.

ಮಳೆಗಾಲದ ಒಂದು ರಾತ್ರಿ ದೊಡ್ಡ ಪೆಟ್ಟಿಗೆ ಒಡೆದರು. ಪಂಪ್ ಹೋಯಿತು, ಡ್ರಿಲ್ ಹೋಯಿತು. ಬೆಳಿಗ್ಗೆ ನೋಡಿದರೆ ಬೀಗ ಹಾಗೇ ಇದೆ, ಒಂದು ಗೀರೂ ಇಲ್ಲ. ಮುಚ್ಚಳದ ಬಲ ಮೂಲೆಗೆ ಪಾರೆ ಹಾಕಿ ಮೇಲಕ್ಕೆ ಮಡಿಚಿ, ಕೈ ಹೋಗುವಷ್ಟು ಜಾಗ ಮಾಡಿ, ಬೇಕಾದ್ದನ್ನು ಎಳೆದುಕೊಂಡಿದ್ದರು. ಸಣ್ಣ ಪೆಟ್ಟಿಗೆಯನ್ನು ಮುರಿಯುವ ಅಗತ್ಯವೇ ಬಿದ್ದಿರಲಿಲ್ಲ, ಅದು ತೆರೆದೇ ಇತ್ತು. ಜೂನ್ ಕೊನೆಯಿಂದಲೇ ಅದರ ಬೀಗ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಕುಂದಾಪುರದ ನಮ್ಮ ಹುಡುಗ “ಅಣ್ಣ, ಇದ್ ತಿರ್ಗುದೇ ಇಲ್ಲೆ” ಅಂತ ಹೇಳಿ ಹೇಳಿ ಸಾಕಾಗಿ ಬರೀ ಮುಚ್ಚಿ ಬಿಡುತ್ತಿದ್ದ. ಅವನದೇನೂ ತಪ್ಪಿಲ್ಲ. ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಕೀ ತಿರುಗಿಸುತ್ತಾ ಎಷ್ಟು ಹೊತ್ತು ಅಂತ ನಿಲ್ಲುವುದು?

ಈ ಎರಡೂ ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕೆಲಸದ ದಾರಿ ನನಗೆ ಸ್ಪಷ್ಟವಾಯಿತು. ದಿನಕ್ಕೆ ಹತ್ತಾರು ಸಲ ತೆರೆಯುವ ಪೆಟ್ಟಿಗೆಗೆ ಕಳ್ಳನಿಗಿಂತ ಮೊದಲು ಮಳೆಯನ್ನು, ಮಳೆಯಲ್ಲಿ ನಿಂತ ಹುಡುಗನ ಕೈಯನ್ನು ನೆನೆದು ಬೀಗ ಆರಿಸಬೇಕು. ಕಷ್ಟ ಕೊಡುವ ಬೀಗವನ್ನು ಯಾರೂ ಹಾಕುವುದಿಲ್ಲ, ಹಾಕದ ಬೀಗ ಎಷ್ಟು ಗಟ್ಟಿ ಇದ್ದರೇನು? ಹಾಗಾಗಿ ಹಗಲಿಗೆ ಒಂದು ಸಲೀಸಾದ ಬೀಗ, ರಾತ್ರಿಗೆ ಮೇಲಿಂದ ಒಂದು ಭಾರಿ ಬೀಗ ಅಂತ ವಿಂಗಡಿಸಿಕೊಂಡೆ. ಮುಂದಿನದೆಲ್ಲಾ ಈ ಲೆಕ್ಕದ ಮೇಲೇ ನಡೆದದ್ದು.

ಮೊದಲು ಸಣ್ಣ ಪೆಟ್ಟಿಗೆ. ಹಳೆ ಬೀಗ ಬಿಚ್ಚಿ ನೋಡಿದೆ. ಒಳಗೆ ಇರುವುದು ತೆಳು ತಗಡಿನ ಪಟ್ಟಿಗಳು, ಪ್ರತಿ ಪಟ್ಟಿಗೂ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಇದನ್ನೇ ವೇಫರ್ ಲಾಕ್ ಅನ್ನುವುದು. ಆಫೀಸಿನ ಡ್ರಾಯರ್‌ಗೆ, ಲೆಟರ್ ಬಾಕ್ಸಿಗೆ ಬರುವುದೂ ಇದೇ. ಸಮುದ್ರದ ಉಪ್ಪು ಗಾಳಿಗೆ ಆ ಸ್ಪ್ರಿಂಗ್ ಮೊದಲು ತುಕ್ಕು ಹಿಡಿಯುತ್ತದೆ, ಒಂದು ಪಟ್ಟಿ ಅರ್ಧಕ್ಕೆ ನಿಂತರೂ ಸಾಕು, ಇಡೀ ಬೀಗ ಸ್ತಬ್ಧ. ಮೈ ಜಿಂಕ್ ಮಿಶ್ರಲೋಹದ್ದು. ಎರಕ ಹೊಯ್ಯಲು ಸುಲಭ, ಆದರೆ ಒಂದು ದಪ್ಪ ಸ್ಕ್ರೂಡ್ರೈವರ್ ತುರುಕಿ ಜೋರಾಗಿ ತಿರುಗಿಸಿದರೆ ಬಾಯಿ ಒಡೆಯುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಅಗ್ಗದ ಕ್ಯಾಮ್ ಲಾಕ್‌ಗಳಲ್ಲಿ ಕೀ ನಂಬರುಗಳು ತೀರಾ ಕಡಿಮೆ. ಅಮೆರಿಕದಲ್ಲಿ ಸಿಎಚ್ 751 ಅನ್ನುವ ಒಂದೇ ನಂಬರಿನ ಕೀ ಲೆಕ್ಕವಿಲ್ಲದಷ್ಟು ಕ್ಯಾಂಪರ್ ಗಾಡಿಗಳ ಮತ್ತು ಟೂಲ್‌ಬಾಕ್ಸ್‌ಗಳ ಬೀಗ ತೆರೆಯುತ್ತದೆ, ಅದು ಅಂಗಡಿಯಲ್ಲಿ ಬಿಡಿಯಾಗಿಯೂ ಸಿಗುತ್ತದೆ. ನಮ್ಮಲ್ಲಿ ಜನರೇಟರ್ ಕ್ಯಾನೊಪಿಗೆ, ಎಲೆಕ್ಟ್ರಿಕ್ ಪ್ಯಾನೆಲ್ಲಿಗೆ ಹಾಕುವ ಬೀಗಗಳ ಕಥೆಯೂ ಬೇರೆಯಲ್ಲ. ತ್ರಿಕೋನ ಅಥವಾ ಚೌಕದ ಗುಂಡಿಯ ಪ್ಯಾನೆಲ್ ಕೀ ಪ್ರತಿ ಎಲೆಕ್ಟ್ರಿಶಿಯನ್ ಚೀಲದಲ್ಲೂ ಇರುತ್ತದೆ. ಅದು ಕರೆಂಟಿನಿಂದ ಜನರನ್ನು ದೂರ ಇಡಲು ಮಾಡಿದ್ದು, ಕಳ್ಳರನ್ನಲ್ಲ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಪೆಟ್ಟಿಗೆ ಮಾಡಿಸಿದರೆ ಕೈಗೆ ಸಿಗುವ ಈ ಬೀಗವನ್ನೇ ಹಾಕಿ ಕೊಡುವವರು ಜಾಸ್ತಿ. ತೆಗೆದುಕೊಳ್ಳುವಾಗ ಕೀ ಮೇಲಿನ ನಂಬರ್ ನೋಡಿ. ಅದೇ ಡಬ್ಬಿಯ ಬೇರೆ ಬೀಗದ ಕೀಯಿಂದ ತೆರೆದು ನೋಡಲು ಅಂಗಡಿಯವರನ್ನು ಧೈರ್ಯವಾಗಿ ಕೇಳಿ.

ಬೀಗ ಹುಡುಕಲು ಹೋದದ್ದು ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟ್‌ಗೆ. ಹಾರ್ಡ್‌ವೇರ್, ಬೋಲ್ಟು, ಟೂಲ್ಸು ಅಂದರೆ ಮುಂಬಯಿಯಲ್ಲಿ ಮೊದಲು ಬಾಯಿಗೆ ಬರುವ ಹೆಸರು ಅದೇ ಅಲ್ವಾ. ಭಾನುವಾರ ಹೋಗಬೇಡಿ, ಬಾಗಿಲು ಮುಚ್ಚಿರುತ್ತವೆ.

ಮೊದಲು ತೋರಿಸಿದ್ದು ಗುಂಡು ಕೀಯ ಟ್ಯುಬುಲರ್ ಲಾಕ್, ಕೊಳವೆಯಂತಹ ಕೀ ಬರುತ್ತದಲ್ಲ, ಅದು. ನೋಡಲು ಗಟ್ಟಿಮುಟ್ಟು. ಒಳಗೆ ಸಾಮಾನ್ಯವಾಗಿ ಏಳು ಪಿನ್ ಇರುತ್ತವೆ. ಆದರೆ 2004ರಲ್ಲಿ ಅಮೆರಿಕದಲ್ಲಿ ಇಂಥದ್ದೇ ಬಾಯಿಯ ದುಬಾರಿ ಸೈಕಲ್ ಲಾಕನ್ನು ಒಂದು ಪ್ಲಾಸ್ಟಿಕ್ ಬಾಲ್‌ಪೆನ್ನಿನ ಹಿಂಭಾಗ ಒತ್ತಿ ತಿರುಗಿಸಿ ತೆರೆದು ತೋರಿಸಿದ ವಿಡಿಯೋ ಓಡಾಡಿ, ಕಂಪನಿ ಬೀಗಗಳನ್ನು ಬದಲಿಸಿ ಕೊಡಬೇಕಾಯಿತು. ಆಮೇಲೆ ಬಂದ ಒಳ್ಳೆ ಮಾಡೆಲ್‌ಗಳಲ್ಲಿ ಸುಧಾರಣೆ ಇದೆ. ಅಗ್ಗದ್ದರಲ್ಲಿ ಅದು ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಅದರ ಬಾಯಿ ಪೂರ್ತಿ ತೆರೆದ ಉಂಗುರ, ನೀರೂ ಧೂಳೂ ನೇರ ಪಿನ್ ಮೇಲೇ ಕೂರುತ್ತವೆ. ಬಿಟ್ಟೆ.

ತೆಗೆದುಕೊಂಡದ್ದು ಡಿಸ್ಕ್ ಜಾತಿಯದು. ಇದರ ಒಳಗೆ ಬಿಲ್ಲೆಗಳ ಸಾಲು, ಕೀ ಹೋಗಿ ಪ್ರತಿ ಬಿಲ್ಲೆಯನ್ನೂ ಅದರದರ ಅಳತೆಗೆ ತಿರುಗಿಸುತ್ತದೆ, ಎಲ್ಲದರ ಕಚ್ಚು ಒಂದೇ ಗೆರೆಗೆ ಬಂದಾಗ ಬೀಗ ಬಿಡುತ್ತದೆ. ಬಿಲ್ಲೆಗಳಿಗೆ ಸ್ಪ್ರಿಂಗ್ ಇಲ್ಲ. ನನಗೆ ಇಡೀ ಬೀಗದಲ್ಲಿ ಇಷ್ಟವಾದದ್ದು ಈ ಒಂದು ಸಂಗತಿ. ತುಕ್ಕು ಹಿಡಿದು ಸಿಕ್ಕಿಕೊಳ್ಳುವ ಆ ಕೂದಲೆಳೆಯ ತಂತಿಯೇ ಇಲ್ಲ, ಕೀಯ ಬಲವೇ ಬಿಲ್ಲೆಯನ್ನು ಆಚೀಚೆ ಒಯ್ಯುತ್ತದೆ. ಇದನ್ನು 1907ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಎಮಿಲ್ ಹೆನ್ರಿಕ್ಸನ್ ಕಂಡುಹಿಡಿದದ್ದು, ಅಬ್ಲಾಯ್ ಕಂಪನಿ ಹುಟ್ಟಿದ್ದು ಅದರಿಂದಲೇ. ಹಿಮ ಬೀಳುವ ದೇಶಕ್ಕೆ ಮಾಡಿದ ಬೀಗ ನಮ್ಮ ಉಪ್ಪು ಮಳೆಗೂ ಒಗ್ಗುತ್ತದೆ. ಅಸಲಿ ಅಬ್ಲಾಯ್ ನಮ್ಮ ಕೈಗೆ ಎಟುಕುವ ಬೆಲೆಯಲ್ಲ, ಆದರೆ ಅದೇ ತತ್ವದ ಸಾಧಾರಣ ಬೀಗಗಳು ಸಿಗುತ್ತವೆ. ಅರ್ಧ ಗುಂಡಗಿನ ಕಡ್ಡಿಯಂತಹ ಕೀ ನೋಡಿದರೆ ಗುರುತು ಹಿಡಿಯಬಹುದು.

ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿಕೊಂಡೆ: ಬೀಗ ಹಾಕಿದ ಸ್ಥಿತಿಯಲ್ಲಿ ಮಾತ್ರ ಕೀ ಹೊರಬರುವ ಮಾಡೆಲ್ ಬೇಕು ಅಂತ. ಕ್ಯಾಮ್ ಲಾಕ್‌ಗಳು ಎರಡೂ ಥರ ಬರುತ್ತವೆ. ಕೆಲವು ತೆರೆದಾಗಲೂ ಕೀ ಬಿಟ್ಟುಕೊಡುತ್ತವೆ, ಕೆಲವು ಬೀಗ ಬಿದ್ದರೆ ಮಾತ್ರ. ನಮಗೆ ಬೇಕಾದ್ದು ಎರಡನೆಯದು. ಕೀ ಕೈಗೆ ಬಂತು ಅಂದರೆ ಪೆಟ್ಟಿಗೆಗೆ ಬೀಗ ಬಿದ್ದಿದೆ ಎಂದೇ ಅರ್ಥ. ಈಗ ನಮ್ಮಲ್ಲಿ ನಿಯಮ ಒಂದೇ, ಪೆಟ್ಟಿಗೆ ಕೀಗಳ ರಿಂಗ್ ಹುಡುಗ ನನ್ನ ಕೈಗೆ ಕೊಡುವ ತನಕ ನಾನು ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಗಾಡಿಯ ಕೀಯನ್ನು ಮಾತ್ರ ಅದೇ ರಿಂಗಿಗೆ ಹಾಕಬೇಡಿ, ಪೆಟ್ಟಿಗೆ ತೆರೆದಿರುವಾಗ ರಿಂಗ್ ಅಲ್ಲೇ ರಸ್ತೆಯಲ್ಲಿ ನೇತಾಡುತ್ತಿರುತ್ತದೆ.

ದೂಡಿದರೆ ತಾನೇ ಬೀಳುವ ಪ್ಯಾಡಲ್ ಲಾಚ್ ಕೂಡ ನೋಡಿದೆ. ಕೈ ತುಂಬಾ ಸಾಮಾನು ಇರುವವರಿಗೆ ಅದು ನಿಜವಾಗಿಯೂ ಒಳ್ಳೆಯದು. ಆದರೆ ಕೀ ಒಳಗಿಟ್ಟು ಮುಚ್ಚಿಬಿಡುವ ಭಯ, ಮತ್ತೆ ಸಿಕ್ಕ ಮಾಡೆಲ್‌ಗಳಲ್ಲೆಲ್ಲಾ ಇದ್ದದ್ದು ಅದೇ ವೇಫರ್ ಬೀಗ. ಒಳ್ಳೆ ಬೀಗದ ಪ್ಯಾಡಲ್ ಸಿಕ್ಕವರು ಅದನ್ನೇ ಹಾಕಿ.

ತೂತಿನ ವಿಷಯ. ಸಾಮಾನ್ಯ ಕ್ಯಾಮ್ ಲಾಕಿನ ಮೈ 19 ಮಿ.ಮೀ. ಗುಂಡಗೆ ಇರುತ್ತದೆ, ಎರಡು ಬದಿ ಚಪ್ಪಟೆ, ಚಪ್ಪಟೆಯಿಂದ ಚಪ್ಪಟೆಗೆ 16 ಮಿ.ಮೀ. ಅವಸರದವರು 19ರ ಗುಂಡು ತೂತನ್ನೇ ಹೊಡೆದು ನಟ್ಟು ಬಿಗಿದು ಬಿಡುತ್ತಾರೆ. ಆಗ ಬೀಗವನ್ನು ಹಿಡಿದಿರುವುದು ನಟ್ಟು ಮಾತ್ರ, ಹೊರಗಿನಿಂದ ಪೈಪ್ ಪಾನಾ ಹಾಕಿ ತಿರುಚಿದರೆ ಇಡೀ ಬೀಗ ಸುತ್ತುತ್ತದೆ, ಒಳಗಿನ ಕ್ಯಾಮ್ ಪಟ್ಟಿಯೂ ಜೊತೆಗೇ ಸುತ್ತಿ ಬಾಗಿಲು ತೆರೆಯುತ್ತದೆ. ಸರಿಯಾದ ದಾರಿ ಅಂದರೆ 16ರ ತೂತು ಹೊಡೆದು, ಎರಡು ಬದಿಗೆ ಅರದಿಂದ ಉಜ್ಜಿ 19ಕ್ಕೆ ತರುವುದು. ಅರ್ಧ ಗಂಟೆಯ ಕೆಲಸ, ಬೆವರು ಬರುತ್ತದೆ. ಬೀಗ ಕೂತ ಮೇಲೆ ಒಂದಿಷ್ಟೂ ಅಲ್ಲಾಡಬಾರದು.

ಕೀ ಹಾಕುವ ಬಾಯಿ ಎತ್ತ ನೋಡುತ್ತಿದೆ ಅನ್ನುವುದೂ ಬೀಗದ ಜಾತಿಯಷ್ಟೇ ಮುಖ್ಯ. ಮುಚ್ಚಳದ ಮೇಲೆ ಆಕಾಶ ನೋಡುವ ಹಾಗೆ ಬೀಗ ಕೂರಿಸಿದರೆ ಅದು ನೀರಿನ ಬಟ್ಟಲು. ನಮ್ಮ ಹಳೆ ಬೀಗ ಹಾಗೇ ಇತ್ತು. ಈಗ ಮುಂದಿನ ಮುಖಕ್ಕೆ ತಂದು, ಮೇಲೆ ಒಂದು ಬೆರಳಿನಷ್ಟು ಅಗಲದ ತಗಡಿನ ಸೂರು ವೆಲ್ಡ್ ಮಾಡಿಸಿದೆ, ಬಾಯಿಗೆ ರಬ್ಬರ್ ಮುಚ್ಚಳ. ಪೆಟ್ಟಿಗೆಯನ್ನೇ ಮೊದಲಿದ್ದ ಜಾಗದಿಂದ ಮೇಲಕ್ಕೆ ಎತ್ತಿಸಿದೆ. ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ, ಮಿಲನ್ ಸಬ್‌ವೇ ಇವೆಲ್ಲಾ ನಮ್ಮ ದಿನದ ದಾರಿ. ಜೋರು ಮಳೆಗೆ ಅಲ್ಲಿ ನೀರು ಚಕ್ರದ ಗುಂಬದ ತನಕ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಅಂಥ ದಿನದ ಮಾತು ಬಿಡಿ, ಮಾಮೂಲಿ ಜುಲೈನಲ್ಲೇ ಕೆಳಗೆ ನೇತಾಡುವ ಪೆಟ್ಟಿಗೆಗೆ ಗಟಾರದ ನೀರು ನುಗ್ಗಿದರೆ ಯಾವ ಬೀಗವೂ ಉಳಿಯುವುದಿಲ್ಲ.

ಇನ್ನು ದೊಡ್ಡ ಪೆಟ್ಟಿಗೆ. ಹೆಚ್ಚು ಹೊತ್ತು, ಹೆಚ್ಚು ದುಡ್ಡು ಹೋದದ್ದು ಇದಕ್ಕೆ. ಉದ್ದ 1.4 ಮೀಟರ್, ಅಗಲ ಎತ್ತರ ಅರ್ಧರ್ಧ ಮೀಟರ್. ಹಳೆಯದು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು. ಚಿಲಕ ನಡುವೆ ಒಂದೇ ಇದ್ದುದರಿಂದ ಎರಡೂ ಮೂಲೆಗಳು ಅದರಿಂದ 70 ಸೆಂ.ಮೀ. ದೂರ. ಅಷ್ಟು ದೂರದಲ್ಲಿ ತೆಳು ತಗಡಿಗೆ ಪಾರೆ ಹಾಕಿದರೆ ಅದು ಮೇಲೇಳಲೇಬೇಕು, ನಡುವಿನ ಬೀಗಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಸಾಕಿನಾಕಾದ ವೆಲ್ಡರ್ ಹತ್ತಿರ ಹೋದೆ. ಅವರು ವಿಜಯಪುರ ಕಡೆಯವರು, ನಮ್ಮವರು ಅಂತ ಗೊತ್ತಾದ ಮೇಲೆ ಚಹಾ ತರಿಸಿ ಕೂರಿಸಿಕೊಂಡು ಮಾತಾಡಿದರು. ನಾನು ಪೂರ್ತಿ 2 ಮಿ.ಮೀ. ತಗಡಿನ ಹೊಸ ಪೆಟ್ಟಿಗೆ ಅಂದುಕೊಂಡಿದ್ದೆ. ಅವರು ಚಾಕ್‌ಪೀಸಿನಿಂದ ನೆಲದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಉಕ್ಕಿನ ತಗಡು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ನಮ್ಮ ಪೆಟ್ಟಿಗೆಗೆ ಸುಮಾರು 3.3 ಚದರ ಮೀಟರ್ ತಗಡು ಬೇಕು. 1.2ರಲ್ಲಿ 31 ಕಿಲೋ, 1.6ರಲ್ಲಿ 41, 2ರಲ್ಲಿ 52. “ತೂಕ ಸುಮ್ನ ಯಾಕ್ ಹೊರತೀರಿ? ಮುಚ್ಚಳಕ್ಕ ಎರಡು ಹಾಕೂಣು, ಮೈಗೆ ಹಳೇದೇ ಇರಲಿ. ಪಾರೆ ಬೀಳೂದು ಮುಚ್ಚಳದ ಸಂದಿಗೇ ಅಲ್ಲೇನ್ರೀ?” ಅಂದರು. ಸರಿ ಅನಿಸಿತು. ಛೋಟಾ ಹಾಥಿಯ ಹೊರೆಯೇ ಮುಕ್ಕಾಲು ಟನ್ ಆಸುಪಾಸು, ಅದರಲ್ಲಿ ಎಸಿ ಔಟ್‌ಡೋರ್ ಯೂನಿಟ್‌ಗಳೂ ಕೂರಬೇಕು.

ಹಾಗಾಗಿ ಹೊಸ ಮುಚ್ಚಳ 2 ಮಿ.ಮೀ.ದು. ಮೂರೂ ಬದಿ 25 ಮಿ.ಮೀ. ಕೆಳಕ್ಕೆ ಮಡಿಚಿ ಪೆಟ್ಟಿಗೆಯ ಮೈಯನ್ನು ಅಪ್ಪಿಕೊಳ್ಳುವಂತೆ ಮಾಡಿಸಿದೆ, ಪಾರೆಯ ತುದಿ ಇಡಲು ಸಂದಿಯೇ ಕಾಣಬಾರದು ಅಂತ. ಪೆಟ್ಟಿಗೆಯ ಬಾಯಿಗೆ ಒಳಗಿನಿಂದ 25×25×3ರ ಆ್ಯಂಗಲ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ, ಸುತ್ತಲೂ ಓಡಿಸಿದರು. ತಗಡನ್ನು ಒತ್ತಿ ನೋಡಿದರೆ ಮೊದಲು ಡಬ್ಬದ ಹಾಗೆ ಬಡಿದುಕೊಳ್ಳುತ್ತಿತ್ತು, ಈಗ ಸದ್ದೇ ಇಲ್ಲ.

ಬೀಗದ ಜಾಗಕ್ಕೆ ಕಬ್ಬಿಣದ ಅಲ್ಮೇರಾದ ಉಪಾಯ ತಂದೆವು. ಅಲ್ಮೇರಾ ಹಿಡಿಕೆ ತಿರುಗಿಸಿದಾಗ ಮೇಲೊಂದು ಕೆಳಗೊಂದು ಸರಳು ಹೋಗಿ ಕೂರುತ್ತದಲ್ಲ, ಅದನ್ನೇ ಅಡ್ಡ ಮಲಗಿಸಿದೆವು. ಮುಚ್ಚಳದ ನಡುವೆ ಕೀ ಇರುವ ಹಿಡಿಕೆ, ಅದರಿಂದ ಎಡಕ್ಕೂ ಬಲಕ್ಕೂ 10 ಮಿ.ಮೀ. ಸರಳು, ಸರಳಿನ ತುದಿ ಎರಡೂ ಮೂಲೆಗಳ ಆ್ಯಂಗಲ್‌ನಲ್ಲಿ ಕೊರೆದ ತೂತಿಗೆ ಹೋಗುತ್ತದೆ. ಒಂದು ಕೀ, ಒಂದು ತಿರುವು, ಮುಚ್ಚಳ ಮೂರು ಕಡೆ ಹಿಡಿಯುತ್ತದೆ. ಹುಡುಗರಿಗೆ ಇದರಿಂದ ಒಂದು ಚೂರೂ ಹೆಚ್ಚಿನ ಕೆಲಸವಿಲ್ಲ. ಸರಳು ಓಡುವ ಕಡೆ ಎರಡೆರಡು ಬುಷ್ ಹಾಕಿಸಿ, ಇಲ್ಲದಿದ್ದರೆ ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲಾ ಕಟಕಟ ಅಂದು ಒಂದೇ ವರ್ಷಕ್ಕೆ ಸವೆದು ಹೋಗುತ್ತದೆ.

ಹಿಂಜು ಕೂಡ ನೋಡಬೇಕಾದ ಜಾಗ. ಹೊರಗೆ ಕಾಣುವ ಹಿಂಜಿನ ಕಡ್ಡಿಯನ್ನು ಮೊಳೆ ಇಟ್ಟು ಹೊಡೆದರೆ ಹೊರಬಂದು ಬೀಳುತ್ತದೆ, ಆಗ ಮುಚ್ಚಳವನ್ನು ಹಿಂದಿನಿಂದ ಎತ್ತಬಹುದು. ಕಡ್ಡಿಯ ಎರಡೂ ತುದಿಗೆ ವೆಲ್ಡಿನ ಬೊಟ್ಟು ಇಡಿಸಿದೆ. ಜೊತೆಗೆ ಹಿಂಜಿನ ಬದಿಯಲ್ಲಿ ಒಳಗೆ ಎರಡು ಗಿಡ್ಡ ಗೂಟ, ಮುಚ್ಚಿದಾಗ ಅವು ಎದುರಿನ ಆ್ಯಂಗಲ್‌ನ ತೂತಿನೊಳಗೆ ಕೂರುತ್ತವೆ. ಹಿಂಜನ್ನೇ ಕತ್ತರಿಸಿ ತೆಗೆದರೂ ಮುಚ್ಚಳ ಏಳುವುದಿಲ್ಲ.

ಇದು ಹಗಲಿನ ಬೀಗ. ರಾತ್ರಿಗೆ ಮೇಲಿಂದ ಒಂದು ನೇತಾಡುವ ಬೀಗ ಬೇಕಲ್ಲ, ಅದನ್ನು ಆರಿಸಲು ನಾಗದೇವಿಯಲ್ಲಿ ಒಂದು ಮಧ್ಯಾಹ್ನವೇ ಕಳೆದೆ. ನಮ್ಮ ದೇಶದಲ್ಲಿ ಬೀಗಕ್ಕೆ ಹೆಸರಾದ ಊರುಗಳಿವೆ: ಅಲೀಗಢ, ತಮಿಳುನಾಡಿನ ದಿಂಡಿಗಲ್. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಮುಂಬಯಿಯವರಿಗಂತೂ ಬೀಗ ಅಂದರೆ ಗೋದ್ರೆಜ್. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಲಾಲ್‌ಬಾಗಿನಲ್ಲಿ ಶುರು ಮಾಡಿದ್ದೇ ಬೀಗದ ಕೆಲಸ. ಮನೆ ಬಾಗಿಲಿಗೆ, ಅಂಗಡಿ ಶಟರ್‌ಗೆ ಇವುಗಳಲ್ಲಿ ಬೇಕಾದಷ್ಟು ಒಳ್ಳೆ ಬೀಗಗಳಿವೆ. ರಾತ್ರಿಯಿಡೀ ಕತ್ತಲಲ್ಲಿ ನಿಲ್ಲುವ ಗಾಡಿಗೆ ಮಾತ್ರ ಹೆಸರಿಗಿಂತ ಬೀಗದ ಆಕಾರ ನೋಡಬೇಕು.

ಬೀಗದ ಕೊಂಡಿ ಎಷ್ಟು ಹೊರಗೆ ಕಾಣುತ್ತದೆ ಅನ್ನುವುದು ಮೊದಲ ಪ್ರಶ್ನೆ. ಬೋಲ್ಟ್ ಕಟರ್‌ಗೆ ಬಾಯಿ ಹಾಕಲು ಜಾಗ ಬೇಕು, ಸರಳಿಗೆ ಸನ್ನೆ ಹಾಕಲು ಜಾಗ ಬೇಕು. ಉದ್ದ ಕೊಂಡಿ ಎರಡಕ್ಕೂ ಜಾಗ ಕೊಡುತ್ತದೆ. ಅದಕ್ಕೇ ಕೊಂಡಿ ಹಿಂಬದಿಯಲ್ಲಿ ಅಡಗಿರುವ ಗುಂಡು ಬಿಲ್ಲೆಯಂತಹ ಬೀಗ ತೆಗೆದುಕೊಂಡೆ. ಅದು ತನ್ನದೇ ದಪ್ಪ ಬಟ್ಟಲಿನಂತಹ ಚಿಲಕದೊಳಗೆ ಕೂರುತ್ತದೆ, ಹೊರಗೆ ಕಾಣುವುದು ನುಣುಪಾದ ಬೆನ್ನು ಮಾತ್ರ. ವಿದೇಶದಲ್ಲಿ ವ್ಯಾನ್ ಬಾಗಿಲುಗಳಿಗೆ ಹೆಚ್ಚಾಗಿ ಇದನ್ನೇ ಹಾಕುತ್ತಾರೆ. ಬೆಲೆ ಹಿತ್ತಾಳೆ ಬೀಗಕ್ಕಿಂತ ಜಾಸ್ತಿ. ಡಬ್ಬಿಯ ಮೇಲೆ ಇಎನ್ 12320 ಅಂತ ಬರೆದಿದ್ದರೆ ಪಕ್ಕದ ಅಂಕಿಯನ್ನೂ ನೋಡಿ. ಅದು ಯುರೋಪಿನ ಬೀಗದ ಗುಣಮಟ್ಟ, ಭದ್ರತೆಗೆ 1ರಿಂದ 6ರ ತನಕ ದರ್ಜೆ, 6 ಎಲ್ಲಕ್ಕಿಂತ ಗಟ್ಟಿ.

ಲೋಹದ ವಿಷಯದಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕು. ಹದ ಮಾಡಿದ ಉಕ್ಕಿನ ಕೊಂಡಿ ಕಟರ್‌ಗೆ ಜಗ್ಗುವುದಿಲ್ಲ, ಆದರೆ ಮೇಲಿನ ಕ್ರೋಮ್ ಲೇಪ ಒಂದು ಕಡೆ ಕೆರೆದರೆ ಅಲ್ಲಿಂದ ತುಕ್ಕು ಶುರು. ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ಕಡಿಮೆ, ಆದರೆ ಹದ ಮಾಡಿದ ಉಕ್ಕಿಗಿಂತ ಮೆದು. ಸ್ಟೇನ್‌ಲೆಸ್‌ನಲ್ಲೂ 304 ಮತ್ತು 316 ಅಂತ ಇದೆ. 316ರಲ್ಲಿ ಶೇಕಡಾ 2ರಷ್ಟು ಮಾಲಿಬ್ಡಿನಮ್ ಸೇರಿರುತ್ತದೆ, ಸಮುದ್ರದ ಉಪ್ಪಿಗೆ ಅದೇ ತಡೆ. ಕೊಂಡಿ ಹೊರಗೆ ಕಾಣದ ಬೀಗದಲ್ಲಿ ಈ ಗೋಜು ಕಡಿಮೆ, ಕಟರ್ ಮುಟ್ಟುವುದೇ ಇಲ್ಲವಾದ್ದರಿಂದ ಸ್ಟೇನ್‌ಲೆಸ್ ಮೈಯದನ್ನೇ ಧೈರ್ಯವಾಗಿ ತೆಗೆದುಕೊಂಡೆ. ಬ್ಯಾಟರಿ ಗ್ರೈಂಡರ್ ತಂದವನ ಮುಂದೆ ಯಾವುದೂ ಕೊನೆತನಕ ನಿಲ್ಲುವುದಿಲ್ಲ, ಅದು ನಿಜ. ಆದರೆ ಅವನಿಗೆ ಕಿಡಿ, ಸದ್ದು, ಹೊತ್ತು ಮೂರೂ ಬೇಕು. ಗಾಡಿಯನ್ನು ನಾವು ಈಗ ಹಾಲಿನ ಅಂಗಡಿಯ ದೀಪದ ಎದುರೇ, ಪೆಟ್ಟಿಗೆಯ ಮುಖ ಅಂಗಡಿ ಕಡೆಗೇ ಇರುವ ಹಾಗೆ ನಿಲ್ಲಿಸುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೇ ಅಲ್ಲಿ ಜನ ಇರುತ್ತಾರೆ.

ಚಿಲಕ ಹಿಡಿದಿರುವುದು ಯಾವುದು ಅನ್ನುವುದನ್ನು ಪಾರೆ ಹಿಡಿದವನು ನಮಗಿಂತ ಚೆನ್ನಾಗಿ ನೋಡುತ್ತಾನೆ. ಹಳೆ ಚಿಲಕಕ್ಕೆ ಪಾಪ್ ರಿವೆಟ್ ಹೊಡೆದಿದ್ದರು. ಅದರ ಮೈ ಅಲ್ಯೂಮಿನಿಯಂ, ಡ್ರಿಲ್ ಇಟ್ಟರೆ ಬೆಣ್ಣೆ. ಅಂಗಡಿಯಲ್ಲಿ ಕಡಿ-ಕೋಯಂಡಾ, ಅಂದರೆ ಬೀಗ ಹಾಕುವ ಚಿಲಕ ಕೇಳುವಾಗ ಬೋಲ್ಟಿನ ತಲೆ ಮುಚ್ಚುವ ಪಟ್ಟಿ ಇರುವಂಥದ್ದೇ ಕೇಳಿ, ಬೀಗ ಬಿದ್ದ ಮೇಲೆ ಒಂದು ಬೋಲ್ಟೂ ಹೊರಗೆ ಕಾಣಬಾರದು. ನಾವು ಹಾಕಿದ್ದು ಎಂ8ರ ಕ್ಯಾರೇಜ್ ಬೋಲ್ಟ್. ತಲೆ ಗುಂಡಗೆ, ಪಾನಾ ಕೂರುವುದಿಲ್ಲ. ಕುತ್ತಿಗೆ ಚೌಕ, ಚೌಕ ತೂತಿನಲ್ಲಿ ಕೂತು ತಿರುಗುವುದಿಲ್ಲ. ಒಳಗೆ 3 ಮಿ.ಮೀ. ದಪ್ಪದ ಪಟ್ಟಿ, ಅದರ ಮೇಲೆ ಅಲ್ಲಾಟಕ್ಕೆ ಸಡಿಲಾಗದ, ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು. ಆ ಪಟ್ಟಿ ಇಲ್ಲದಿದ್ದರೆ ಬೋಲ್ಟ್ ಎಷ್ಟೇ ಗಟ್ಟಿ ಇದ್ದರೂ ಎಳೆದಾಗ ತೆಳು ತಗಡನ್ನೇ ಹರಿದುಕೊಂಡು ಬರುತ್ತದೆ.

ಬೋಲ್ಟ್ ಕೂಡ ಸ್ಟೇನ್‌ಲೆಸ್ಸೇ ಇರಲಿ. ಸ್ಟೇನ್‌ಲೆಸ್ ಚಿಲಕಕ್ಕೆ ಜಿಐ, ಅಂದರೆ ಜಿಂಕ್ ಲೇಪದ ಕಬ್ಬಿಣದ ಬೋಲ್ಟ್ ಹಾಕಿದರೆ ಉಪ್ಪು ನೀರು ಬಿದ್ದಾಗ ಎರಡು ಲೋಹದ ನಡುವೆ ಬ್ಯಾಟರಿ ಆದ ಹಾಗಾಗಿ ಸಣ್ಣ ಬೋಲ್ಟನ್ನು ದೊಡ್ಡ ಚಿಲಕ ಬೇಗ ತಿಂದು ಹಾಕುತ್ತದೆ. ಅದೇ ಸ್ಟೇನ್‌ಲೆಸ್ ಬೋಲ್ಟ್ ದೊಡ್ಡ ಕಬ್ಬಿಣದ ತಗಡಿನ ಮೇಲೆ ಕೂತರೆ ತೊಂದರೆ ಅಷ್ಟಿಲ್ಲ, ತಗಡಿಗೆ ಬಣ್ಣ ಸರಿಯಾಗಿದ್ದರೆ ಸಾಕು. ತೂತಿನ ಅಂಚಿಗೆ, ವೆಲ್ಡ್ ಮಾಡಿದ ಕಡೆಗೆ ಜಿಂಕ್ ಪ್ರೈಮರ್ ಹಚ್ಚದೆ ಬೀಗ ಕೂರಿಸಬೇಡಿ, ಕೂರಿಸಿದ ಮೇಲೆ ಬ್ರಷ್ ಹೋಗುವುದಿಲ್ಲ. ಜಿಐ ತಗಡಿಗೆ ವೆಲ್ಡ್ ಮಾಡಿಸುವವರು ಆ ಜಾಗದ ಜಿಂಕನ್ನು ಮೊದಲು ಗ್ರೈಂಡ್ ಮಾಡಿಸಿ. ಅದರ ಹೊಗೆ ಕುಡಿದರೆ ವೆಲ್ಡರ್‌ಗೆ ಆ ರಾತ್ರಿ ಚಳಿ ಜ್ವರ ಬರುತ್ತದೆ.

ಗ್ಯಾಸಿನ ಗೂಡಿನಲ್ಲಿ ಲೆಕ್ಕವೇ ಬೇರೆ. ಇಲ್ಲಿ ಬೀಗಕ್ಕಿಂತ ಗಾಳಿ ಮುಖ್ಯ. ಎಸಿ, ಫ್ರಿಜ್‌ಗೆ ತುಂಬಲು ನಾವು ಒಯ್ಯುವುದರಲ್ಲಿ ಆರ್-32 ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸು, ಆರ್-290 ಅಂದರೆ ಪ್ರೊಪೇನೇ, ಬ್ರೇಜಿಂಗ್‌ಗೆ, ಅಂದರೆ ತಾಮ್ರದ ಪೈಪ್ ಬೆಸೆಯಲು, ಎಲ್‌ಪಿಜಿ. ಮೂರೂ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ನಿಲ್ಲುತ್ತವೆ. ಅದಕ್ಕೆ ಮುಚ್ಚಿದ ಪೆಟ್ಟಿಗೆ ಮಾಡಿಸಲೇಬೇಡಿ. ಕಳ್ಳರ ಭಯಕ್ಕೆ ಜಾಲಿಯ ಮೇಲೆ ತಗಡು ಹೊಡೆಸಿದ ಗಾಡಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ನಮ್ಮದರಲ್ಲಿ ಜಾಲಿ ಹಾಗೇ ಉಳಿಸಿ, ತಳಕ್ಕೆ ಅಂಗೈ ಅಗಲದ ತೆರಪು ಬಿಟ್ಟು, ಸಿಲಿಂಡರ್ ನೆಟ್ಟಗೆ ನಿಲ್ಲಲು ಪಟ್ಟಿ ಹಾಕಿಸಿದೆ. ಬಾಗಿಲಿಗೆ ಸಾಧಾರಣ ಹಿತ್ತಾಳೆ ಬೀಗ, ಕೀ ಎಲ್ಲರ ಹತ್ತಿರವೂ ಇದೆ. ಸೋರುವ ವಾಸನೆ ಬಂದರೆ ಯಾರಿದ್ದರೂ ಕೂಡಲೇ ತೆರೆಯಬೇಕು. ಖಾಲಿ ಸಿಲಿಂಡರ್ ಹೋದರೆ ಹೋಗಲಿ.

ಹಗಲಿನ ಎರಡು ಬೀಗಕ್ಕೂ ಒಂದೇ ಕೀ ಬೇಕು ಅಂತ ಮೊದಲೇ ಹೇಳಿದ್ದೆ. ಅಂಗಡಿಯವರು ಸೇಮ್ ಕೀ ಅಂದರೆ ತರಿಸಿ ಕೊಡುತ್ತಾರೆ, ಸ್ವಲ್ಪ ಕಾಯಬೇಕಾಗುತ್ತದೆ. ಒಂದೇ ರಿಂಗಿನಲ್ಲಿ ನಾಲ್ಕೈದು ಕೀ ಇದ್ದರೆ ಕತ್ತಲಲ್ಲಿ ಹುಡುಕಾಟ ಶುರುವಾಗುತ್ತದೆ, ಹುಡುಕಾಟ ಶುರುವಾದರೆ ನಾಳೆ ಹಾಕಿದರಾಯಿತು ಅನ್ನುವ ಮಾತೂ ಶುರುವಾಗುತ್ತದೆ. ರಾತ್ರಿಯ ಬೀಗದ ಕೀ ಮಾತ್ರ ಬೇರೆ, ಅದು ನನ್ನ ಮನೆಯಲ್ಲೇ ಇರುತ್ತದೆ. ಕೀ ನಂಬರಿನ ಚೀಟಿಯನ್ನು ಗಾಡಿಯ ಕಾಗದಗಳ ಜೊತೆ ಇಡಬೇಡಿ. ಬೀಗದ ಮುಖದ ಮೇಲೆ ನಂಬರ್ ಒತ್ತಿದ್ದರೆ ಅರದಿಂದ ಉಜ್ಜಿ ತೆಗೆಯಿರಿ, ಅದನ್ನು ಓದಿಕೊಂಡು ಹೋದವನು ಕೀ ಮಾಡಿಸಿಕೊಂಡು ಬರಬಹುದು.

ಎಣ್ಣೆಯ ವಿಷಯಕ್ಕೆ ನಮ್ಮ ಹುಡುಗರ ಜೊತೆ ಸ್ವಲ್ಪ ವಾದವೇ ಆಯಿತು. ಊರಿನ ಅಭ್ಯಾಸ, ಬೀಗ ಬಿಗಿಯಾದರೆ ತೆಂಗಿನ ಎಣ್ಣೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ಜನವರಿಯ ಬೆಳಗ್ಗೆ ಮುಂಬಯಿಯಲ್ಲೂ ಅಷ್ಟು ತಂಪು ಬರುತ್ತದೆ. ಸಾಲದ್ದಕ್ಕೆ ಧೂಳು ಸೇರಿ ಮಸಿಯಂತಾಗಿ ಕೂರುತ್ತದೆ. ಪೆನ್ಸಿಲ್ ಪುಡಿ, ಅಂದರೆ ಗ್ರಾಫೈಟ್, ಒಣ ಊರಿಗೆ ಒಳ್ಳೆಯದು, ಉಪ್ಪು ತೇವ ಇರುವ ಕಡೆ ಲೋಹ ತಿನ್ನುವುದಕ್ಕೆ ಅದೇ ಸಹಾಯ ಮಾಡುತ್ತದೆ. ಡಬ್ಲ್ಯುಡಿ-40 ಸ್ಪ್ರೇ ಹೆಸರಲ್ಲೇ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ಇರುವಂತೆ ನೀರು ಓಡಿಸಲು ಮಾಡಿದ್ದು, ಕೊಳೆ ತೊಳೆಯಲು ಚೆನ್ನ, ಬಹಳ ದಿನ ಜಾರಿಕೆ ಉಳಿಸುವುದಿಲ್ಲ. ನಾವೀಗ ಮೊದಲು ಅದರಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪಿಟಿಎಫ್‌ಇ (ಟೆಫ್ಲಾನ್) ಒಣ ಸ್ಪ್ರೇ ಹೊಡೆಯುತ್ತೇವೆ. ಮೇ ಕೊನೆಗೆ ಒಮ್ಮೆ. ಮಳೆ ಮುಗಿದ ಮೇಲೆ ಆಯುಧ ಪೂಜೆಗೆ ಹೇಗೂ ಎಲ್ಲಾ ಹತ್ಯಾರ ಇಳಿಸಿ ತೊಳೆಯುತ್ತೇವಲ್ಲ, ಅವತ್ತು ಇನ್ನೊಮ್ಮೆ. ಕುಂಕುಮವನ್ನು ಬೀಗದ ಬಾಯಿಯಿಂದ ಸ್ವಲ್ಪ ಪಕ್ಕಕ್ಕೆ ಹಚ್ಚಲು ಹೇಳಿದ್ದೇನೆ.

ಒಂದು ಮಳೆಗಾಲ ಕಳೆದಿದೆ. ಸಣ್ಣ ಪೆಟ್ಟಿಗೆಯ ಡಿಸ್ಕ್ ಬೀಗ ಒಂದು ದಿನವೂ ಸಿಕ್ಕಿಕೊಂಡಿಲ್ಲ. ದೊಡ್ಡದರ ಬಾಯಿಗೆ ನೀರು ತಡೆಯಲು ಹಾಕಿದ ಇಪಿಡಿಎಂ ಜಾತಿಯ ರಬ್ಬರ್ ಮೊದಲ ವಾರಗಳಲ್ಲಿ ದಪ್ಪ ಅನಿಸಿ ಹಿಡಿಕೆ ಬಿಗಿಯಾಗಿತ್ತು, ಸರಳಿನ ತೂತನ್ನು ಅರದಿಂದ ಸ್ವಲ್ಪ ಉದ್ದ ಮಾಡಿದ ಮೇಲೆ ಸರಿಹೋಯಿತು. ಆದರೂ ತಳದಲ್ಲಿ ನೀರು ಹೋಗಲು ಎರಡು ತೂತು ಬಿಟ್ಟಿದ್ದೇನೆ, ಒದ್ದೆ ಹಗ್ಗ ಒಳಗೆ ಹಾಕುವುದನ್ನು ಯಾರೂ ತಪ್ಪಿಸಲು ಆಗುವುದಿಲ್ಲ. ಆಗಸ್ಟ್‌ನಲ್ಲಿ ಒಂದು ರಾತ್ರಿ ಯಾರೋ ಮುಚ್ಚಳದ ಎಡ ಮೂಲೆಯಲ್ಲಿ ಪ್ರಯತ್ನ ಮಾಡಿದ ಗುರುತು ಸಿಕ್ಕಿತು, ಬಣ್ಣ ಕೆತ್ತಿ ಹೋಗಿತ್ತು, ಅಂಚು ಬಾಗಿರಲಿಲ್ಲ. ಅಲ್ಲಿಗೆ ಪ್ರೈಮರ್ ಹಚ್ಚಿದ್ದೇನೆ.

ಈಗ ಉಳಿದಿರುವುದು ಮೇಲೆ ಕಟ್ಟುವ ಪೈಪಿನ ಉದ್ದ ಡಬ್ಬ. ಡ್ರೈನ್ ಪೈಪು ಮತ್ತು ಏಣಿಗೆ ಅದು ಬೇಕು. ತುದಿಯ ಮುಚ್ಚಳಕ್ಕೆ ಇದೇ ಡಿಸ್ಕ್ ಬೀಗ, ಇದೇ ಕೀ. ವೆಲ್ಡರ್‌ಗೆ ಅಳತೆ ಕೊಟ್ಟಾಗ ಅವರು ಕೇಳಿದ್ದು ಒಂದೇ ಮಾತು: “ಬೀಗ ಎಲ್ಲೈತ್ರೀ? ಬೀಗ ಕೈಯಾಗ ಇಲ್ಲದ ತೂತು ಹೊಡೆಯೂದಿಲ್ಲ ನಾ.” ಸೇಮ್ ಕೀ ನಂಬರ್ ಹೇಳಿ ಆರ್ಡರ್ ಕೊಟ್ಟಿದ್ದೇನೆ, ಬಂದ ಮೇಲೆ ಸಾಕಿನಾಕಾಗೆ ಹೋಗಬೇಕು.